ಘಟಪ್ರಭೆಯ ದಂಡೆಯ ತೋಟದ ಮನೆ

ಕನ್ನಡ ನಾಡಿನಲ್ಲಿ ಕ್ಷೇತ್ರದಿಂದ ಹೆಸರಾದ ಊರುಗಳುಂಟು, ಕೋಟೆಯಿಂದ ಹೆಸರಾದವುಗಳುಂಟು, ಕವಿಯಿಂದ ಹೆಸರಾದವುಗಳೂ ಉಂಟು. ಕವಿಯಿಂದಲೂ ನಾಯಿಯಿಂದಲೂ ಒಟ್ಟಿಗೆ ಹೆಸರಾದ ಊರು ಮಾತ್ರ ನಾವು ಬಲ್ಲಂತೆ ಒಂದೇ. ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನು ಜನಿಸಿದ ಮುದುವೊಳಲು ಇದೇ. ಬಳೆಗಾರರ ಮನೆಯಲ್ಲಿ ಹುಟ್ಟಿದ ಬಾಲಕನು ವಿದ್ಯೆಯನ್ನರಸಿ ದೂರದ ನಾಡಿಗೆ ಹೋಗಿ, ಅತ್ತಿಮಬ್ಬೆಯಂತಹ ದಾನಶೀಲೆಯ ಆಶ್ರಯವನ್ನು ಪಡೆದು, ಚಾಲುಕ್ಯ ಚಕ್ರವರ್ತಿಗಳ ಆಸ್ಥಾನವನ್ನು ಬೆಳಗಿದನು. ಆತನ ಊರಿನ ಹೆಸರನ್ನು ಇಂದು ಉತ್ತರ ಹಿಂದುಸ್ತಾನದ ಸೈನಿಕ ಶಿಬಿರಗಳವರೆಗೆ ಒಯ್ದಿರುವುದು ತೆಳುನಡುವಿನ, ನೀಳಮೂತಿಯ, ಗಾಳಿಯಂತೆ ಓಡುವ ಒಂದು ಮೂಕಪ್ರಾಣಿ.

ಈ ಸೀಮೆಯು ನಮಗೆ ಹೊಸದಲ್ಲ. ನಮ್ಮ ಪ್ರೌಢಶಾಲೆಯ ವಿದ್ಯಾಭ್ಯಾಸವು ನಡೆದದ್ದು ಇಲ್ಲಿಯೇ. 1976ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಹಿರಿಯರ ಅಪ್ಪಣೆಯಂತೆ ಶ್ರೀಮಠದ ಸಂಸ್ಕೃತ ಪಾಠಶಾಲೆಯನ್ನು ಸೇರಿದ ಮೇಲೆ ಈ ಕಡೆಗೆ ಬಂದುದು ಪುರಾಣ ಪ್ರವಚನಗಳಿಗೆ ಮಾತ್ರ. ಬಂದಾಗಲೂ ವೇದಿಕೆಯಿಂದ ವಾಹನಕ್ಕೆ, ವಾಹನದಿಂದ ವೇದಿಕೆಗೆ. ಒಡನೆ ಓದಿದವರಲ್ಲಿ ಕೆಲವರು ಸಭೆಯಲ್ಲಿ ಕುಳಿತು ಕೇಳಿ, ಕೈಮುಗಿದು ಹೋಗಿದ್ದುಂಟು. ಅದರಾಚೆಗೆ ಒಬ್ಬರ ಬದುಕು ಮತ್ತೊಬ್ಬರಿಗೆ ತಿಳಿಯದೆಯೇ ನಾಲ್ಕು ದಶಕಗಳು ಕಳೆದವು.

ಕಳೆದ ಎಳ್ಳಮಾವಾಸ್ಯೆಗೆ ಎಂಟು ದಿನವಿರುವಾಗ ನಮಗೊಂದು ದೂರವಾಣಿ ಕರೆ ಬಂದಿತು. ಕರೆದವರು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರರಾಗಿ ದುಡಿದು ನಿವೃತ್ತರಾದ ಸಹಪಾಠಿ. "ಶಾಸ್ತ್ರಿಗಳ, ಅಮಾಸಿಗೆ ಎಲ್ಲಾರೂ ಗೌಡನ ತೋಟದಾಗ ಕೂಡವ್ರ ಅದೀವ್ರಿ. ಚರಗಾ ಚೆಲ್ಲೂದೂ ಆಕ್ಕೈತಿ, ಇನ್ನೊಂದ ಕೆಲಸಾನೂ ಐತಿ. ತಾವು ಬರಬೇಕ್ರಿ" ಎಂದರು. ಆ ಇನ್ನೊಂದು ಕೆಲಸ ಯಾವುದೆಂದು ಅವರು ಹೇಳಲಿಲ್ಲ.

ಬಾಗಲಕೋಟೆಯ ನವನಗರದಿಂದ ಲೋಕಾಪುರದ ಮೇಲೆ ಹಾದು ಮುಧೋಳಕ್ಕೆ ಬಸ್ಸಿನ ದಾರಿ. ನಾವು ಶಾಲೆಗೆ ಹೋಗುತ್ತಿದ್ದಾಗ ಇದೆಲ್ಲವೂ ವಿಜಾಪುರ ಜಿಲ್ಲೆ. ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅಂದು ಈ ದಾರಿಯ ಎಡಬಲಗಳಲ್ಲಿ ಬಿಳಿಜೋಳ, ಕುಸುಬಿ, ಕಡಲೆಗಳ ಹೊಲಗಳೇ ಕಣ್ಣಿಗೆ ಬೀಳುತ್ತಿದ್ದವು. ಇಂದು ಮುಧೋಳವು ಸಮೀಪಿಸಿದಂತೆಲ್ಲ ಕಬ್ಬು, ಎತ್ತ ನೋಡಿದರೂ ಕಬ್ಬು. ಸುಗ್ಗಿಯ ಕಾಲವಾದ್ದರಿಂದ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಕಾರ್ಖಾನೆಗಳ ಕಡೆಗೆ ತೆವಳುತ್ತಿದ್ದವು. ಅವುಗಳ ಹಿಂದೆ ನಮ್ಮ ಬಸ್ಸೂ ತೆವಳಿತು. ಘಟಪ್ರಭೆಯ ನೀರು ಈ ಮಣ್ಣಿಗೆ ಸಿರಿಯನ್ನು ತಂದಿದೆ, ಸಂಕಟವನ್ನೂ ತಂದಿದೆ. 2019ರ ಆಗಸ್ಟಿನ ಮಹಾಪೂರದಲ್ಲಿ ದಂಡೆಯ ಹಳ್ಳಿಗಳ ಜನರು ಮನೆಮಾರು ಬಿಟ್ಟು ಎತ್ತರದ ಜಾಗಗಳಿಗೆ ಏರಿದ್ದನ್ನು ಇಲ್ಲಿಯವರು ಇನ್ನೂ ಮರೆತಿಲ್ಲ.

ಗೌಡರ ತೋಟವು ಊರಿನಿಂದ ಹೊರಗೆ, ನದಿಯ ಕಡೆಗೆ ಇಳಿಯುವ ಕಚ್ಚಾರಸ್ತೆಯ ಕೊನೆಯಲ್ಲಿದೆ. ಎರಡು ಅಂಕಣದ ಹೆಂಚಿನ ಮನೆ, ಮುಂದೆ ಕಟ್ಟೆ, ಪಕ್ಕದಲ್ಲಿ ದನದ ಕೊಟ್ಟಿಗೆ, ಒಂದು ಬೇವಿನ ಮರ. ಕಟ್ಟೆಯ ಮೇಲೆ ಏಳೆಂಟು ಜನ ಕುಳಿತಿದ್ದರು. ನಾವು ಒಳಗೆ ಕಾಲಿಟ್ಟೊಡನೆ ಎಲ್ಲರೂ ಎದ್ದು ನಿಂತರು. "ಬರ್ರಿ ಶಾಸ್ತ್ರಿಗಳ, ದಯಮಾಡಸ್ರಿ" ಎಂದು ಚಾಪೆ ಹಾಸಿದರು. ಮಾತಿಗೆ ಮಾತು ಕೂಡಲಿಲ್ಲ. ಒಬ್ಬರು ಮಠದ ಜಾತ್ರೆಯ ವಿಚಾರ ಕೇಳಿದರು, ಇನ್ನೊಬ್ಬರು ನಮ್ಮ ಆರೋಗ್ಯವನ್ನು ವಿಚಾರಿಸಿದರು. ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಬೂದುಬಣ್ಣದ ಎತ್ತರದ ನಾಯಿಯೊಂದು ಸದ್ದಿಲ್ಲದೆ ಬಂದು ನಮ್ಮ ಧೋತರದ ಅಂಚನ್ನು ಮೂಸತೊಡಗಿತು. ನಾವು ಸಹಜವಾಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡೆವು. ಕೂಡಲೇ ಕಂಡಕ್ಟರರು, "ಲೇ, ಅದರ ಮುಂದ ಕೈ ಜಾಡಿಸಬ್ಯಾಡಲೇ! ಸುಮ್ಮ ನಿಂದರು!" ಎಂದು ಕೂಗಿದರು. ಕೂಗಿದ ಮೇಲೆ ತಮ್ಮ ಬಾಯಿಂದ ಬಂದ ಮಾತನ್ನು ತಾವೇ ಕೇಳಿಸಿಕೊಂಡು ನಾಲಿಗೆ ಕಚ್ಚಿಕೊಂಡರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಆ ಕ್ಷಣದಿಂದ ಆ ಅಂಗಳದಲ್ಲಿ 'ತಾವು' ಎಂಬ ಪದವು ಮತ್ತೆ ಕೇಳಿಬರಲಿಲ್ಲ. ನಮ್ಮ ತಾಯಿಯವರು ಲಿಂಗೈಕ್ಯರಾದ ಮೇಲೆ ನಮ್ಮನ್ನು ಏಕವಚನದಲ್ಲಿ ಕರೆದವರು ಇವರೇ.

ಮುಧೋಳ ನಾಯಿಯನ್ನು ಹತ್ತಿರದಿಂದ ನೋಡದವರಿಗಾಗಿ ನಾಲ್ಕು ಮಾತು. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ಉದ್ದನೆಯ ಕಿರಿದಾದ ತಲೆ, ಇಳಿಬಿದ್ದ ಕಿವಿ, ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ನೀಳ ಕಾಲುಗಳು, ತುದಿಯಲ್ಲಿ ಬಾಗಿದ ಬಾಲ. ಮೈಮೇಲೆ ಕೂದಲು ತೀರ ಕಡಿಮೆಯಾದ್ದರಿಂದ ಬಿಸಿಲನ್ನು ತಾಳುತ್ತದೆ, ಚಳಿಗೆ ನಡುಗುತ್ತದೆ. ನುಣುಪು ಮೈಯದನ್ನು ಕಾರವಾನಿ ಎಂದೂ, ಕಿವಿ ಬಾಲಗಳಲ್ಲಿ ಜೊಂಪು ಕೂದಲುಳ್ಳದ್ದನ್ನು ಪಶ್ಮಿ ಎಂದೂ ಕರೆಯುವ ವಾಡಿಕೆಯುಂಟು. ಪಶ್ಚಿಮ ಹಾಗೂ ಮಧ್ಯ ಏಷ್ಯದ ಬೇಟೆನಾಯಿಗಳ ವಂಶವು ವರ್ತಕರ ಮತ್ತು ಸೈನಿಕರ ತಂಡಗಳೊಡನೆ ದಖ್ಖನ್ನಿಗೆ ಬಂದಿತೆಂದು ಹೇಳುತ್ತಾರೆ. ಮುಧೋಳ ಸಂಸ್ಥಾನವನ್ನಾಳಿದ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾಯರು ಈ ತಳಿಗೆ ಆಶ್ರಯವಿತ್ತು, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಇಲ್ಲಿ ಮನೆಮಾತು.

ಅರಸರ ಮನೆಯ ಕಥೆ ಇದಾದರೆ, ಬಡವರ ಮನೆಯ ಕಥೆ ಬೇರೆ. ನಮ್ಮ ಬಾಲ್ಯದಲ್ಲಿ ಈ ನಾಯಿಗಳನ್ನು ಸಾಕಿದವರು ಕುರಿಗಾರರು, ಬೇಡರು ಮತ್ತು ಹೊಲದಲ್ಲಿಯೇ ವಾಸವಾಗಿದ್ದ ಒಕ್ಕಲು ಮಕ್ಕಳು. 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಆಂಗ್ಲರನ್ನು ಎದುರಿಸಿದ ಹಲಗಲಿಯ ಬೇಡರ ಊರು ಇದೇ ತಾಲೂಕಿನಲ್ಲಿದೆ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದು ಬೇಟೆಗೆ ತಡೆಯಾಯಿತು. ಅರಸನೂ ಇಲ್ಲ, ಬೇಟೆಯೂ ಇಲ್ಲ. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಗೆ ಓಡುವ ಕಾರಣವೇ ತಪ್ಪಿಹೋಯಿತು. ಆದರೂ ತಳಿಯು ಅಳಿಯಲಿಲ್ಲ. ತೋಟದ ಮನೆಗಳ ಕಟ್ಟೆಗಳ ಮೇಲೆ, ದಿನಕ್ಕೆರಡು ರೊಟ್ಟಿ, ಒಂದಿಷ್ಟು ಮಜ್ಜಿಗೆಯ ಮೇಲೆ ಅದು ಉಳಿದುಕೊಂಡಿತು.

ನಮ್ಮ ಗೌಡರ ಮನೆಯ ನಾಯಿಯ ಹೆಸರು ಕಾಳಿ. ಒಂಬತ್ತು ವರ್ಷದ ಹೆಣ್ಣು. ಬೂದುಬಣ್ಣದ ನಾಯಿಗೆ ಕಾಳಿಯೆಂಬ ಹೆಸರೇಕೆಂದು ನಾವು ಕೇಳಿದೆವು. ಗೌಡರು ನಮ್ಮ ಮುಖವನ್ನೇ ದಿಟ್ಟಿಸಿ, "ನೀ ಮರತಿ ಅಂದ್ರ ಹ್ಯಾಂಗೋ? ನಮ್ಮ ಕನ್ನಡ ಮಾಸ್ತರ ಹೇಳಿದ್ದಲ್ಲಾ, ಹಂದಿ ಕೂಡ ಕಾದಿ ಸತ್ತ ನಾಯಿ, ಕಲ್ಲಿನ ಮ್ಯಾಲ ಹೆಸರ ಬರಿಸಿಕೊಂಡದ್ದು! ಅಂದಿಂದ ನಮ್ಮನ್ಯಾಗ ಹುಟ್ಟಿದ್ದು ಬಂದದ್ದು ಎಲ್ಲಾ ಕಾಳೀನ. ಇದು ನಾಕನೇದು" ಎಂದರು.

ಗೌಡರು ಹೇಳಿದ್ದು ಆತಕೂರು ಶಾಸನದ ಕಥೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದ ಆ ಶಿಲೆಯು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂದರ್ಭ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ನಾಯಿಯನ್ನು ಕೇಳಿದನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ಸ್ಥಾನದ ಗೊರವನಿಗೆ ಪಾಪವು ತಟ್ಟುವುದೆಂದೂ ಬರೆಯಿಸಿದರು.

ಈ ಶಾಸನದ ಭಾಷೆಯನ್ನು, ಸಂವತ್ಸರವನ್ನು, ಇತಿಹಾಸವನ್ನು ನಾವು ಎಷ್ಟೋ ಉಪನ್ಯಾಸಗಳಲ್ಲಿ ವಿವರಿಸಿದ್ದೇವೆ. ಶಾಸನದಲ್ಲಿ ಹೇಳಿದ ಸೌಮ್ಯ ಸಂವತ್ಸರವೂ ಮುದುವೊಳಲಿನಲ್ಲಿ ರನ್ನನು ಹುಟ್ಟಿದ ಸಂವತ್ಸರವೂ ಒಂದೇ ಎಂಬುದು ನಮ್ಮ ಮೆಚ್ಚಿನ ಮಾತು. ಹತ್ತನೆಯ ತರಗತಿಗೆ ಓದು ನಿಲ್ಲಿಸಿ ನೇಗಿಲು ಹಿಡಿದ ಗೌಡರಿಗೆ ಈ ವಿವರಗಳಾವುವೂ ಗೊತ್ತಿಲ್ಲ. ಆದರೆ ಮಾಸ್ತರರು ಒಂದು ಮಧ್ಯಾಹ್ನ ಹೇಳಿದ ಕಥೆಯನ್ನು ಅವರು ಐವತ್ತು ವರ್ಷ ದಿನವೂ ಬಾಯಿತುಂಬ ಕರೆದಿದ್ದಾರೆ. ಪಾಠವು ಬದುಕುವ ಬಗೆಗಳಲ್ಲಿ ಇದೂ ಒಂದು.

ಮಧ್ಯಾಹ್ನ ಹೊಲಕ್ಕೆ ಚರಗ ಚೆಲ್ಲಿ, ಬೇವಿನ ನೆರಳಿಗೆ ಪಂಕ್ತಿ ಕೂಡಿದೆವು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು. ಬುತ್ತಿಯನ್ನು ಹೆಚ್ಚಾಗಿ ಕಟ್ಟಿ ತಂದವರು ಜಮಖಂಡಿಯಲ್ಲಿ ನೆಲೆಸಿರುವ, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದ ಸಹಪಾಠಿ ಅಕ್ಕನವರು. ಅವರು ಬಡಿಸುತ್ತ, "ಮೂರು ವರ್ಷ ಒಂದ ಕ್ವಾಣ್ಯಾಗ ಕುಂತ್ರೂ ನಾವೂ ನೀವೂ ಒಂದ ಮಾತ ಆಡಿರಲಿಲ್ಲರಿ. ಈಗ ಈ ನಾಯಿ ಮಾತಾಡಿಸ್ತು ನೋಡ್ರಿ" ಎಂದರು. ಅದು ನಿಜ. ಆ ಕಾಲದಲ್ಲಿ ಹೆಣ್ಣುಮಕ್ಕಳ ಬೆಂಚು ಬೇರೆ, ಗಂಡುಮಕ್ಕಳ ಬೆಂಚು ಬೇರೆ. ಮಧ್ಯದಲ್ಲಿದ್ದ ಎರಡು ಮೊಳ ಜಾಗವನ್ನು ದಾಟಲು ನಮಗೆ ಇಷ್ಟು ವರ್ಷ ಹಿಡಿಯಿತು.

ಊಟವಾದ ಮೇಲೆ 'ಇನ್ನೊಂದು ಕೆಲಸ'ದ ಪ್ರಸ್ತಾಪ ಬಂದಿತು. ಗೌಡರಿಗೆ ಎರಡು ವರ್ಷದಿಂದ ಹರ್ನಿಯಾ. ಕರುಳು ಸಿಕ್ಕಿಕೊಂಡರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ಎಚ್ಚರಿಸಿದ್ದರೂ ಅವರು ಶಸ್ತ್ರಕ್ರಿಯೆಗೆ ಒಪ್ಪಿರಲಿಲ್ಲ. ಪತ್ನಿಯು ತೀರಿಹೋಗಿ ನಾಲ್ಕು ವರ್ಷ. ಮಗನು ಬೆಂಗಳೂರಿನಲ್ಲಿ, ಮಗಳು ಬಾಗಲಕೋಟೆಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಹಿಂದೊಮ್ಮೆ ಮಗನ ಮನೆಗೆ ನಾಲ್ಕು ದಿನ ಹೋಗಿದ್ದಾಗ ಕಾಳಿಯು ಆಳಿನ ಕೈಯ ರೊಟ್ಟಿಯನ್ನು ಮುಟ್ಟದೆ ರಸ್ತೆಯ ಬದಿಯಲ್ಲಿಯೇ ಮಲಗಿತ್ತಂತೆ. "ನಾ ದವಾಖಾನ್ಯಾಗ ಮಲಗೂದು, ಅದು ಇಲ್ಲಿ ಉಪಾಸ ಮಲಗೂದು. ಅದರ ಆಯುಷ್ಯ ಕಳದು ನನ್ನ ಆಯುಷ್ಯ ಕೂಡಸಬ್ಯಾಡ್ರಿ" ಎಂಬುದು ಗೌಡರ ಹಟ. ಈ ಸಂಗತಿಯು ಕಂಡಕ್ಟರರಿಗೆ ತಿಳಿದದ್ದು ಸಂತೆಯಲ್ಲಿ ಅಕಸ್ಮಾತ್ತಾಗಿ ಭೆಟ್ಟಿಯಾದಾಗ. ಅವರು ಮನೆಗೆ ಹೋಗಿ ಸುಮ್ಮನೆ ಕೂಡಲಿಲ್ಲ. ಒಬ್ಬೊಬ್ಬರ ವಿಳಾಸವನ್ನು ಹುಡುಕಿ, ಎಂಟು ಜನರನ್ನು ಕೂಡಿಸಿದರು.

ಸರದಿಯ ಪಟ್ಟಿ ಸಿದ್ಧವಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿಯೇ ಹೆಸರುಗಳನ್ನು ಬರೆದರು. ಮೊದಲಿನ ನಾಲ್ಕು ದಿನಗಳಿಗೆ ನಾವೂ ಕಂಡಕ್ಟರರೂ. ಶಸ್ತ್ರಕ್ರಿಯೆಯ ಹಿಂದಿನ ದಿನ ಮಗಳು ಬಂದು ತಂದೆಯನ್ನು ಕರೆದೊಯ್ದಳು. ಗೌಡರು ಹೋಗುವಾಗ ನಾಯಿಯ ಕಡೆಗೆ ತಿರುಗಿ ನೋಡಲಿಲ್ಲ.

ಆ ನಾಲ್ಕು ದಿನಗಳ ದಿನಚರಿಯು ನಮಗೆ ಹೊಸದಾಗಿತ್ತು. ಬೆಳಗಿನ ಐದು ಗಂಟೆಗೆ ನಾಯಿಯು ಬಾಗಿಲನ್ನು ಕೆರೆಯುತ್ತಿತ್ತು. ಅದನ್ನು ಕಬ್ಬಿನ ಬದುವಿನ ಮೇಲೆ ಓಡಲು ಬಿಡಬೇಕು. ಮೊದಲು ನಾಲ್ಕು ಹೆಜ್ಜೆ ಕುಂಟುನಡೆ, ಆಮೇಲೆ ನೆಲಕ್ಕೆ ಕಾಲೇ ತಾಗದಂತಹ ಓಟ. ಒಂಬತ್ತು ವರ್ಷದ ಮುದಿನಾಯಿ ಎಂದು ಯಾರೂ ಹೇಳಲಾರರು. ಮರಳಿ ಬಂದು, ನಾವು ಸ್ನಾನ ಮುಗಿಸಿ ಇಷ್ಟಲಿಂಗಪೂಜೆಗೆ ಕುಳಿತರೆ, ಹೊಸ್ತಿಲಿನ ಆಚೆಗೆ ಮುಂಗಾಲುಗಳ ಮೇಲೆ ಮೋರೆಯನ್ನಿಟ್ಟು ಮಲಗುತ್ತಿತ್ತು. ಹೊಸ್ತಿಲನ್ನು ಅದು ದಾಟಲಿಲ್ಲ. ಹಗಲೆಲ್ಲ ಬೇವಿನ ಕೆಳಗೆ ಕುಳಿತು ರಸ್ತೆಯನ್ನೇ ನೋಡುವುದು. ರಾತ್ರಿ ಚಳಿಗೆ ಗೋಣಿಚೀಲದ ಮೇಲೆ ಸುರುಳಿ ಸುತ್ತಿಕೊಂಡಾಗ ಮೇಲೊಂದು ಹಳೆಯ ಕೌದಿ ಹೊದಿಸಬೇಕು.

ಆದರೆ ಅನ್ನವನ್ನು ಮುಟ್ಟಲಿಲ್ಲ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ನೀರು ಮಾತ್ರ. ಕಂಡಕ್ಟರರು ಗೌಡರಿಗೆ ದೂರವಾಣಿ ಮಾಡಿ, ಅವರ ಧ್ವನಿಯನ್ನು ನಾಯಿಗೆ ಕೇಳಿಸಿದರು. ಅದು ಕಿವಿ ನಿಮಿರಿಸಿ, ರಸ್ತೆಯ ತುದಿಯವರೆಗೆ ಓಡಿ, ಅಲ್ಲಿಯೇ ಕತ್ತಲಾಗುವವರೆಗೆ ನಿಂತಿತು. ಅಂದಿನಿಂದ ಆ ಪ್ರಯೋಗವನ್ನು ಬಿಟ್ಟೆವು. ಪಶುವೈದ್ಯ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದ ಮತ್ತೊಬ್ಬ ಸಹಪಾಠಿಯು ಬಂದು ನೋಡಿ, "ಒತ್ತಾಯ ಮಾಡಬ್ಯಾಡ್ರಿ, ಮುದ್ದೂ ಮಾಡಬ್ಯಾಡ್ರಿ. ಗೌಡ ಹ್ಯಾಂಗ ಉಣತಿದ್ದ, ಎಲ್ಲಿ ಕುಂಡ್ರತಿದ್ದ, ಹಾಂಗ ಕುಂತು ನೀವು ಉಣ್ಣರಿ" ಎಂದರು. ಗೌಡರು ಕಟ್ಟೆಯ ಮೂಲೆಯಲ್ಲಿ ಕುಳಿತು ಮೊದಲು ನಾಯಿಯ ತಟ್ಟೆಗೆ ರೊಟ್ಟಿ ಮುರಿದುಹಾಕಿ, ಹಾಲು ಸುರಿದು, ಆಮೇಲೆ ತಾವು ತುತ್ತು ಎತ್ತುತ್ತಿದ್ದರೆಂದು ಆಳು ಹೇಳಿದನು. ಇದು ನಮಗೆ ತಿಳಿಯದ ವಿದ್ಯೆಯಲ್ಲ. ಶ್ರೀಮಠದ ಪಂಕ್ತಿಯಲ್ಲಿ ಕೊನೆಯವನ ಎಲೆಗೆ ಬಡಿಸುವವರೆಗೆ ಮೊದಲಿನವನು ಕೈಯಿಡುವಂತಿರಲಿಲ್ಲ. ಅದರಂತೆ ಕುಳಿತೆವು. ಅದರ ತಟ್ಟೆಗೆ ಬಡಿಸಿ, ಅದರ ಕಡೆಗೆ ನೋಡದೆ, ನಾವು ಉಂಡೆವು. ಮೂರನೆಯ ದಿನ ಸಂಜೆ ಅದು ಅರ್ಧ ರೊಟ್ಟಿಯನ್ನು ತಿಂದಿತು. ಕಂಡಕ್ಟರರು ಕಟ್ಟೆಯಿಂದೆದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡು ಬಂದರು.

ನಾಲ್ಕನೆಯ ದಿನ ಪಶುವೈದ್ಯ ಮಿತ್ರರೊಡನೆ ಮುಧೋಳದ ಹತ್ತಿರದ ತಿಮ್ಮಾಪುರಕ್ಕೆ ಹೋಗಿಬಂದೆವು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ಅಲ್ಲಿದೆ. ಮುಧೋಳ ತಳಿಯ ಶುದ್ಧಿಯನ್ನು ಕಾಪಾಡುವುದು, ಸಾಕುವವರಿಗೆ ತಿಳಿವಳಿಕೆ ಕೊಡುವುದು ಅದರ ಉದ್ದೇಶ. 2005ರಲ್ಲಿ ಅಂಚೆ ಇಲಾಖೆಯು ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳ ನಾಯಿಯೂ ಅವುಗಳಲ್ಲಿ ಒಂದಾಗಿತ್ತು. 2016ರಲ್ಲಿ ಕೆಲವು ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. 2021ರಲ್ಲಿ ವಾಯುಪಡೆಯೂ ಕೆಲವನ್ನು ಪಡೆದು, ವಿಮಾನಗಳ ಓಡುದಾರಿಯಿಂದ ಹಕ್ಕಿಗಳನ್ನು ಓಡಿಸುವ ಕೆಲಸಕ್ಕೆ ಆರಿಸಿಕೊಂಡಿತು.

ಕೀರ್ತಿಯ ಬೆನ್ನಿಗೆ ಪೇಟೆಯೂ ಬರುತ್ತದೆ. ಮರಿಗಳ ಮಾರಾಟವು ಇಂದು ಈ ಸೀಮೆಯ ಅನೇಕ ಮನೆಗಳಿಗೆ ಆದಾಯದ ದಾರಿ. ಅದರಲ್ಲಿ ತಪ್ಪಿಲ್ಲ. ಆದರೆ ಪಶುವೈದ್ಯ ಮಿತ್ರರು ಹೇಳಿದ ಮಾತುಗಳನ್ನು ನಮ್ಮ ಕುಟುಂಬಗಳು ನೆನಪಿಡಬೇಕು. ತಾಯಿನಾಯಿಗೆ ಬಿಡುವಿಲ್ಲದಂತೆ ಮೇಲಿಂದ ಮೇಲೆ ಮರಿ ಹಾಕಿಸುವುದು ಕ್ರೌರ್ಯ. ಕಣ್ಣು ತೆರೆದ ಕೂಡಲೇ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಎಂಟು ವಾರವಾದರೂ ಅದು ತಾಯಿಯ ಮಗ್ಗುಲಲ್ಲಿರಬೇಕು. ಪಟ್ಟಣದ ಎರಡು ಕೋಣೆಯ ಮನೆಯಲ್ಲಿ ಸರಪಳಿ ಹಾಕಿ ಕಟ್ಟಲು ಈ ತಳಿಯು ತಕ್ಕುದಲ್ಲ. ಓಡಲು ಬಯಲಿಲ್ಲದಿದ್ದರೆ ಅದು ಕೊರಗುತ್ತದೆ, ಇಲ್ಲವೆ ಕೆರಳುತ್ತದೆ. ಯಾವ ನಾಯಿಯನ್ನು ಸಾಕಿದರೂ ಹುಚ್ಚುನಾಯಿ ರೋಗದ ಲಸಿಕೆಯನ್ನು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ನಾಯಿ ಕಚ್ಚಿದರೆ ಅರಿಷಿಣ, ಸುಣ್ಣ ಮೆತ್ತುವ ಹಳೆಯ ರೂಢಿಯನ್ನು ಬಿಟ್ಟು, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ದವಾಖಾನೆಗೆ ಹೋಗಬೇಕು. ಆ ರೋಗವು ತಲೆದೋರಿದ ಮೇಲೆ ಬದುಕಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ.

ತಿಮ್ಮಾಪುರದಿಂದ ಮರಳುವಾಗ ನಮ್ಮ ಮನಸ್ಸಿನಲ್ಲಿ ಒಂದು ವಿಚಾರವು ಬೆಳೆಯಿತು. ಈ ತಳಿಗೆ ಅರಸರ ಆಶ್ರಯ ದೊರೆತದ್ದೂ ನಿಜ, ಸೈನ್ಯದ ಮನ್ನಣೆ ದೊರೆತದ್ದೂ ನಿಜ. ಆದರೆ ಒಂದಕ್ಕೂ ಮತ್ತೊಂದಕ್ಕೂ ನಡುವೆ ಸುಮಾರು ಎಪ್ಪತ್ತು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಅದನ್ನು ಉಳಿಸಿದವರು ಹೆಸರಿಲ್ಲದ ಮನೆಯವರು. ಅವರು ತಳಿಯನ್ನು ಉಳಿಸುತ್ತೇವೆಂದು ಹೊರಟವರಲ್ಲ. ಸಂಜೆಯಾದಾಗ ತಟ್ಟೆಗೆ ರೊಟ್ಟಿ ಹಾಕಿದವರು, ಅಷ್ಟೇ. ಗೆಳೆತನವೂ ಹಾಗೆಯೇ ಉಳಿಯುವ ವಸ್ತು. ಬೆಳ್ಳಿಹಬ್ಬದ ಸಮಾರಂಭ, ಶಾಲು ಸನ್ಮಾನ, ಗುಂಪಿನ ಭಾವಚಿತ್ರ ಇವುಗಳಿಂದ ಒಂದು ದಿನದ ಸಂತೋಷವಾದೀತು. ಅದು ಉಳಿಯಬೇಕಾದರೆ ಯಾರೋ ಒಬ್ಬರು ಸಂತೆಯಲ್ಲಿ ಕಂಡ ಮುಖದ ಬಣ್ಣವನ್ನು ಗಮನಿಸಿ, ಮನೆಗೆ ಹೋಗಿ ಸುಮ್ಮನೆ ಕೂಡದಿರಬೇಕು.

ಗೌಡರ ಶಸ್ತ್ರಕ್ರಿಯೆಯು ಸುಸೂತ್ರವಾಗಿ ನಡೆಯಿತು. ಮೂರು ವಾರ ಮಗಳ ಮನೆಯಲ್ಲಿದ್ದು ತೋಟಕ್ಕೆ ಮರಳಿದ ದಿನ ನಾವೂ ಹೋಗಿದ್ದೆವು. ನಾಯಿಯು ಮೈಮೇಲೆ ಜಿಗಿದರೆ ಹೊಲಿಗೆಗೆ ಪೆಟ್ಟಾದೀತೆಂದು ಪಶುವೈದ್ಯರು ಅದರ ಕೊರಳಪಟ್ಟಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಆ ಎಚ್ಚರಿಕೆ ಬೇಕಾಗಲಿಲ್ಲ. ಕಾಳಿ ಬೊಗಳಲಿಲ್ಲ, ಜಿಗಿಯಲಿಲ್ಲ. ಮೆಲ್ಲನೆ ನಡೆದು ಬಂದು ಗೌಡರ ಪಾದಗಳ ಮೇಲೆ ಅಡ್ಡಲಾಗಿ ಮಲಗಿತು. ಗೌಡರಿಗೆ ಬಾಗುವಂತಿರಲಿಲ್ಲ. ಕುರ್ಚಿ ತರುವವರೆಗೆ ಹಾಗೆಯೇ ನಿಂತರು.

ಬೆಂಗಳೂರಿನಿಂದ ಬಂದಿದ್ದ ಮಗನು ಹೊಲವನ್ನು ಮಾರಿ ತನ್ನೊಡನೆ ಬರುವಂತೆ ಅಂದು ಸಂಜೆ ಮತ್ತೊಮ್ಮೆ ಕೇಳಿದನು. ಅವನ ಮಾತಿನಲ್ಲಿ ಸ್ವಾರ್ಥವಿರಲಿಲ್ಲ, ಅಂಜಿಕೆಯಿತ್ತು. "ರಾತ್ರಿ ಹನ್ನೆರಡಕ್ಕ ಏನರೆ ಆದ್ರ ಅಪ್ಪಾಜಿ ಯಾರನ್ನ ಕರೀಬೇಕ್ರಿ?" ಎಂದು ನಮ್ಮನ್ನೇ ಕೇಳಿದನು. ಉತ್ತರವನ್ನು ಶಿಕ್ಷಕಿ ಅಕ್ಕನವರು ಮಾತಿನಲ್ಲಿ ಕೊಡಲಿಲ್ಲ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ತಂದು ಹುಡುಗನ ಕೈಗೆ ಕೊಟ್ಟರು. ಎಂಟು ಹೆಸರು, ಎಂಟು ದೂರವಾಣಿ ಸಂಖ್ಯೆ, ಯಾರ ಮನೆಯಿಂದ ಎಷ್ಟು ಹೊತ್ತಿನ ದಾರಿಯೆಂಬ ಟಿಪ್ಪಣಿ. ಹುಡುಗನು ಅದನ್ನು ಎರಡು ಬಾರಿ ಓದಿದನು. ಕೊನೆಗೆ ಕಬ್ಬಿನ ಹೊಲವನ್ನು ಪಾಲಿಗೆ ಹಾಕುವುದು, ಮನೆಯನ್ನೂ ಎರಡು ಎಕರೆ ಜೋಳದ ಹೊಲವನ್ನೂ ಗೌಡರು ಇರಿಸಿಕೊಳ್ಳುವುದು ಎಂದು ತೀರ್ಮಾನವಾಯಿತು.

ಒಂದು ಮಾತು ಮಾತ್ರ ಬಗೆಹರಿಯದೆ ಉಳಿದಿದೆ. ಮುಧೋಳ ನಾಯಿಯ ಆಯುಷ್ಯವು ಹನ್ನೆರಡು ಹದಿಮೂರು ವರ್ಷ. ಕಾಳಿಗೆ ಈಗ ಒಂಬತ್ತು ಮುಗಿದಿದೆ, ಗೌಡರಿಗೆ ಅರವತ್ತೈದು. ಐದನೆಯ ಕಾಳಿಯನ್ನು ತಾವು ತರುವುದಿಲ್ಲವೆಂದು ಗೌಡರು ಹೇಳುತ್ತಾರೆ. "ನನ್ನ ಹಿಂದ ಅದರ ಗತಿ ಏನು?" ಎಂಬುದು ಅವರ ಪ್ರಶ್ನೆ. ಅದಕ್ಕೆ ಕಂಡಕ್ಟರರು, "ನೀ ಮರಿ ತಾ, ಪಟ್ಟಿ ನಾವು ಬರಿತೀವಿ" ಎನ್ನುತ್ತಾರೆ. ಚರ್ಚೆಯು ಮುಂದುವರಿದಿದೆ. ಎಲ್ಲರೂ ಅರವತ್ತೈದರ ಆಸುಪಾಸಿನವರೇ ಆದ್ದರಿಂದ ಆ ಪಟ್ಟಿಯ ಮೇಲೆ ಗೌಡರಿಗೆ ಪೂರ್ಣ ನಂಬಿಕೆಯಿಲ್ಲ. ಅವರ ಅನುಮಾನಕ್ಕೆ ಶಾಸ್ತ್ರಗಳಿಂದ ಕೊಡಬಹುದಾದ ಉತ್ತರವು ನಮ್ಮ ಬಳಿಯೂ ಇಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಹಳೆಯ ಶಾಲೆಯ ಒಂದು ಭಾವಚಿತ್ರವಿದ್ದೀತು. ಅದರಲ್ಲಿ ಎರಡನೆಯ ಸಾಲಿನಲ್ಲಿ ನಿಂತ ಯಾರೋ ಒಬ್ಬರು ಇಂದು ತೋಟದ ಮನೆಯಲ್ಲಿಯೋ ಪಟ್ಟಣದ ಕೋಣೆಯಲ್ಲಿಯೋ ಒಬ್ಬರೇ ಇದ್ದಾರು. ಅವರ ಬಾಗಿಲಿಗೆ ಹೋಗಲು ಆಮಂತ್ರಣ ಪತ್ರಿಕೆಯ ಅವಶ್ಯಕತೆಯಿಲ್ಲ. ಬಾಗಿಲಲ್ಲಿ ನಾಯಿಯಿದ್ದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ ಸುಮ್ಮನೆ ನಿಂತರಾಯಿತು. ಮೂಸಿ ನೋಡಿ ಅದೇ ಒಳಗೆ ಬಿಡುತ್ತದೆ.

ನಮ್ಮ ಎಂಟು ಜನರ ಕೂಟವು ಈಗ ಪ್ರತಿ ಅಮಾವಾಸ್ಯೆಗೆ ಗೌಡರ ತೋಟದಲ್ಲಿ ಸೇರುತ್ತದೆ. ಬರುವ ಅಮಾವಾಸ್ಯೆಯ ಬುತ್ತಿಯು ನಮ್ಮ ಪಾಲಿಗೆ ಬಂದಿದೆ. ಕಾಳಿಯ ಎರಡು ರೊಟ್ಟಿಗೆ ಉಪ್ಪು ಹಾಕಬಾರದೆಂದು ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇವೆ.